1991ರ ದತ್ತು, ಕೈಯಲ್ಲಿ ಎರಡೇ ಕಾಗದ. ಹೆತ್ತ ತಾಯಿಯ ಹುಡುಕಾಟ ಎಲ್ಲಿಂದ ಶುರು ಮಾಡಬೇಕು?

ಬೇರುಬಿಳಲು (ಪ್ರಶ್ನೆ)

ವಯಸ್ಸು 34, ಹೆಣ್ಣು. 1991ರಲ್ಲಿ ಬೆಂಗಳೂರಿನ ಒಂದು ಸಂಸ್ಥೆಯಿಂದ ದತ್ತು. ಸಾಕಿದ ಅಪ್ಪ ಅಮ್ಮ ಶಿವಮೊಗ್ಗದವರು. ಹುಡುಕುತ್ತಿರುವುದು ಅವರಿಗೂ ಗೊತ್ತು, ಬೇಡ ಅಂದಿಲ್ಲ.

ಮನೆಯಲ್ಲಿರುವ ಕಾಗದ ಎರಡು. ಒಂದು, ರಿಜಿಸ್ಟರ್ ಆದ ದತ್ತು ಪತ್ರದ ಜೆರಾಕ್ಸ್. ಅದರಲ್ಲಿ ಸಂಸ್ಥೆಯ ಕಾರ್ಯದರ್ಶಿ ಮಗು ಕೊಡುವವರು, ಅಪ್ಪ ಅಮ್ಮ ತೆಗೆದುಕೊಳ್ಳುವವರು. ಹೆತ್ತವರ ಹೆಸರು ಎಲ್ಲೂ ಇಲ್ಲ. ನಡುವೆ "ಮಾನ್ಯ ನ್ಯಾಯಾಲಯದ ಅನುಮತಿಯಂತೆ" ಅಂತ ಒಂದು ಸಾಲು, ಪಕ್ಕದಲ್ಲಿ ಕೇಸ್ ನಂಬರ್. ಇನ್ನೊಂದು, ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲಿನ ಆರೋಗ್ಯ ವರದಿ. ಬಂದಾಗಿನ ತೂಕ 2.1 ಕೆಜಿ, ಬಿಸಿಜಿ ಹಾಕಿದೆ, ಬೇರೆ ತೊಂದರೆ ಇಲ್ಲ. ಅಷ್ಟೇ.

ಸಂಸ್ಥೆಗೆ ಫೋನ್ ಮಾಡಿದರೆ "ಹಳೇ ಫೈಲು, ಸಿಗಲ್ಲ" ಅನ್ನುತ್ತಾರೆ. ಮೊದಲು ಯಾವ ಆಫೀಸಿಗೆ ಹೋಗಬೇಕು? ಆರ್‌ಟಿಐ ಹಾಕಲೇ? ಡಿಎನ್‌ಎ ಟೆಸ್ಟಿನಿಂದ ಏನಾದರೂ ಸಿಗುತ್ತದೆಯೇ? ವಿಳಾಸ ಸಿಕ್ಕರೆ ನೇರ ಹೋಗಬಹುದೇ?

ಕಡತದ ಧೂಳು

ಫೋನಿನಲ್ಲಿ ಕೇಳಿದ ಹಳೇ ಫೈಲು ಯಾವ ಆಫೀಸಿನಲ್ಲೂ ಸಿಗುವುದಿಲ್ಲ. ಎದ್ದು ಹೋಗಿ ಬೀರು ತೆಗೆಯುವುದಕ್ಕಿಂತ "ಇಲ್ಲ" ಅನ್ನುವುದು ಸುಲಭ. ಬರೆದು ಕೊಡಿ.

ದತ್ತು ಪಡೆದವರು ತಮ್ಮ ಮೂಲ ಕೇಳುವುದಕ್ಕೆ 2022ರ ದತ್ತು ವಿನಿಯಮಗಳಲ್ಲೇ ಜಾಗ ಇದೆ. ಇಂಗ್ಲಿಷಿನ "ರೂಟ್ ಸರ್ಚ್" ಅನ್ನುವ ಹೆಸರೇ ಆಫೀಸುಗಳಲ್ಲಿ ಓಡುತ್ತದೆ, ಅರ್ಜಿಯ ವಿಷಯದ ಸಾಲಿನಲ್ಲಿ ಅದನ್ನೇ ಹಾಕಿ. ದತ್ತು ಸಂಸ್ಥೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ರಾಜ್ಯ ದತ್ತು ಸಂಪನ್ಮೂಲ ಸಂಸ್ಥೆ, ದೆಹಲಿಯ ಕಾರಾ (ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ), ಇವರಲ್ಲಿ ಯಾರನ್ನು ಕೇಳಿದರೂ ನೆರವಾಗಬೇಕು ಅನ್ನುವುದು ನಿಯಮ. ಹದಿನೆಂಟು ದಾಟಿದವರಿಗೆ ಸಾಕಿದವರ ಸಹಿ ಬೇಕಿಲ್ಲ. ನೀವು ಶಿವಮೊಗ್ಗದಲ್ಲಿದ್ದರೂ ಅರ್ಜಿಯನ್ನು ಸಂಸ್ಥೆ ಇರುವ ಜಿಲ್ಲೆಯ ಘಟಕಕ್ಕೇ, ಅಂದರೆ ಬೆಂಗಳೂರಿಗೇ ಕೊಡುವುದು ಒಳ್ಳೆಯದು. ಅದರ ಒಂದು ಪ್ರತಿ ಸಂಸ್ಥೆಗೆ, ಇನ್ನೊಂದು ಪ್ರತಿ ಕಾರಾಗೆ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. "ಫೈಲ್ ಇಲ್ಲ" ಅಂದರೆ ಜಗಳ ಬೇಡ, ಅದನ್ನೇ ಹಿಂಬರಹವಾಗಿ ಬರೆದುಕೊಡಿ ಅನ್ನಿ. ಹಿಂಬರಹಕ್ಕೆ ಸಹಿ ಹಾಕಬೇಕಾದಾಗ ಎಷ್ಟೋ ಫೈಲು ಸಿಕ್ಕಿಬಿಡುತ್ತವೆ.

ಅರ್ಜಿಯ ಜೊತೆ ದತ್ತು ಪತ್ರದ ಪ್ರತಿ, ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ (ಹುಟ್ಟಿದ ದಿನ ಮತ್ತು ಸಾಕಿದವರ ಹೆಸರು ಒಂದೇ ಕಡೆ ಇರುವ ಕಾಗದ ಅದು), ಈಗಿನ ಫೋಟೊ, ಸಿಕ್ಕರೆ ಮನೆಗೆ ಬಂದ ಹೊಸದರ ಫೋಟೊ ಇಡಿ.

"ನನ್ನ ಫೈಲ್ ಕೊಡಿ" ಅಂತ ಬರೆದರೆ "ಗೌಪ್ಯ" ಅನ್ನುವ ಒಂದು ಪದದ ಉತ್ತರ ಬರುತ್ತದೆ. ಬಿಡಿಬಿಡಿಯಾಗಿ ಕೇಳಿ. ದಾಖಲಾತಿ ರಿಜಿಸ್ಟರಿನ ಕ್ರಮಸಂಖ್ಯೆ ಏನು, ಯಾವ ದಿನ ಎಷ್ಟು ಹೊತ್ತಿಗೆ ಮಗು ಬಂತು, ಯಾರು ತಂದರು, ಹೆತ್ತವರೇ ಒಪ್ಪಿಸಿದ ಮಗುವೋ ಎಲ್ಲೋ ಬಿಟ್ಟುಹೋದ (ಪರಿತ್ಯಕ್ತ) ಮಗುವೋ, ತಾಯಿಯ ವಯಸ್ಸು ಎಷ್ಟೆಂದು ಬರೆದಿದೆ, ಹೆರಿಗೆ ಆದ ಆಸ್ಪತ್ರೆ ಯಾವುದು, ಒಳರೋಗಿ ಸಂಖ್ಯೆ ಇದೆಯೇ, ಒಪ್ಪಿಸಲು ಕೊಟ್ಟ ಕಾರಣ ಏನು, ಮಗುವಿನ ಜೊತೆ ಬಟ್ಟೆ, ದಾರ, ತಾಯತ, ಚೀಟಿ ಏನಾದರೂ ಇತ್ತೇ, ಆಮೇಲೆ ಯಾರಾದರೂ ನೋಡಲು ಬಂದಿದ್ದರೇ. ಈ ಕೊನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಕೆಲವು ಸಂಸ್ಥೆಗಳು ಭೇಟಿ ಪುಸ್ತಕ ಇಟ್ಟಿರುತ್ತವೆ.

ಒಪ್ಪಿಸುವಾಗ ತಾಯಿ "ನನ್ನ ಗುರುತು ಕೊಡಬೇಡಿ" ಅಂತ ಹೇಳಿದ್ದರೆ ಅವರ ಲಿಖಿತ ಒಪ್ಪಿಗೆ ಇಲ್ಲದೆ ಹೆಸರು, ವಿಳಾಸ ಕೊಡುವುದಿಲ್ಲ. ಅವರು ಒಪ್ಪದಿದ್ದರೂ, ಪತ್ತೆಯೇ ಆಗದಿದ್ದರೂ, ಯಾವ ಸಂದರ್ಭದಲ್ಲಿ ಯಾವ ಕಾರಣಕ್ಕೆ ಒಪ್ಪಿಸಿದರು ಅನ್ನುವುದನ್ನು ನಿಮಗೆ ತಿಳಿಸಬೇಕು. ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಅರ್ಜಿ ಹಾಕಿ.

ಆರ್‌ಟಿಐ ಸದ್ಯಕ್ಕೆ ಬೇಡ. ವೈಯಕ್ತಿಕ ಮಾಹಿತಿ ಅಂತ ತಿರಸ್ಕಾರ ಆಗುತ್ತದೆ, ಆ ತಿರಸ್ಕಾರದ ಕಾಗದ ಫೈಲಿನಲ್ಲಿ ಕೂತು ಮುಂದಿನ ಅರ್ಜಿಗೂ ಅಡ್ಡ ಬರುತ್ತದೆ. ಸಂಸ್ಥೆ ಮುಚ್ಚಿಹೋಗಿದ್ದಾಗ "ಅದರ ದಾಖಲೆಗಳನ್ನು ಯಾವ ಕಚೇರಿಗೆ ಯಾವ ದಿನ ಒಪ್ಪಿಸಲಾಯಿತು" ಅಂತ ಕೇಳುವುದಕ್ಕೆ ಮಾತ್ರ ಆರ್‌ಟಿಐ ಒಳ್ಳೆ ಅಸ್ತ್ರ.

ನಿಮ್ಮ ಕೈಯಲ್ಲಿರುವ ನಿಜವಾದ ಬೀಗದ ಕೈ ಆ ಕೇಸ್ ನಂಬರ್. 1956ರ ಹಿಂದೂ ದತ್ತಕ ಕಾಯ್ದೆಯ 9ನೇ ಕಲಂ ಪ್ರಕಾರ, ಹೆತ್ತವರು ಯಾರೆಂದು ತಿಳಿಯದ ಅಥವಾ ಅವರು ಬಿಟ್ಟುಹೋದ ಮಗುವನ್ನು ಸಂಸ್ಥೆಯವರು ದತ್ತು ಕೊಡಬೇಕಾದರೆ ಮೊದಲು ಕೋರ್ಟಿನ ಅನುಮತಿ ಬೇಕು. ಆ ಅನುಮತಿ ಅರ್ಜಿಗೆ ಸಂಸ್ಥೆಯವರು ಮಗು ಹೇಗೆ ಬಂತು ಅನ್ನುವ ಕಾಗದ ಲಗತ್ತಿಸಿರುತ್ತಾರೆ. ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ಇಡೀ ಕಡತದ ದೃಢೀಕೃತ ನಕಲು ಕೇಳಿ: ಅರ್ಜಿ, ಪ್ರಮಾಣಪತ್ರ, ಲಗತ್ತು, ಆದೇಶ. ತುಂಬಾ ಹಳೆಯದರಲ್ಲಿ ಲಗತ್ತು ವಿಲೇವಾರಿ ಆಗಿರುವುದುಂಟು, ಆದೇಶ ಸಾಮಾನ್ಯವಾಗಿ ಉಳಿದಿರುತ್ತದೆ. ಆದೇಶದ ಎರಡನೆಯದೋ ಮೂರನೆಯದೋ ಪ್ಯಾರಾದಲ್ಲಿ ನ್ಯಾಯಾಧೀಶರು ಸಂಗತಿಯನ್ನು ಚುಟುಕಾಗಿ ಹೇಳಿರುತ್ತಾರೆ, ಕೆಲವೊಮ್ಮೆ ಊರಿನ ಹೆಸರು ಅಲ್ಲೇ ಕೂತಿರುತ್ತದೆ. ಕೇಸ್ ನಂಬರಿನ ಹಿಂದೆ "ಮಿಸ್" (ಇತರೆ ಅರ್ಜಿ) ಇದೆಯೋ "ಜಿ ಅಂಡ್ ಡಬ್ಲ್ಯು" ಇದೆಯೋ ನೋಡಿಕೊಂಡು ಹೋಗಿ. ಎರಡನೆಯದಾದರೆ ಅದು 1890ರ ಪೋಷಕತ್ವ ಕಾಯ್ದೆಯ ಕೇಸು, ರಿಜಿಸ್ಟರೇ ಬೇರೆ.

ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅಲೆಯಬೇಡಿ. ದತ್ತು ಪತ್ರ ಸಾಮಾನ್ಯವಾಗಿ ಆಸ್ತಿಗೆ ಸಂಬಂಧಿಸದ ದಾಖಲೆಗಳ 4ನೇ ಪುಸ್ತಕದಲ್ಲಿರುತ್ತದೆ, ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಕಾಣುವುದಿಲ್ಲ, ನಿಮ್ಮ ಜೆರಾಕ್ಸಿನಲ್ಲಿ ಇಲ್ಲದ್ದು ಅಲ್ಲೂ ಇರುವುದಿಲ್ಲ. ಸಾಕ್ಷಿಗಳ ಸಹಿ ಇರುವ ಕೊನೆಯ ಪುಟ ನಿಮ್ಮ ಪ್ರತಿಯಲ್ಲಿ ಇಲ್ಲದಿದ್ದರೆ ಮಾತ್ರ ಹೋಗಿ.

ಜನನ ಪ್ರಮಾಣಪತ್ರವನ್ನೂ ಕಣ್ಣು ಮುಚ್ಚಿ ನಂಬಬೇಡಿ. ಸಂಸ್ಥೆಯ ಮಕ್ಕಳ ಜನನ ಎಷ್ಟೋ ಸಲ ತಡವಾಗಿ, ಮ್ಯಾಜಿಸ್ಟ್ರೇಟ್ ಆದೇಶದ ಮೇಲೆ ನೋಂದಣಿ ಆಗಿರುತ್ತದೆ. ಹುಟ್ಟಿದ ಸ್ಥಳ ಅಂತ ಸಂಸ್ಥೆಯ ವಿಳಾಸ, ಹುಟ್ಟಿದ ದಿನ ಅಂತ ಡಾಕ್ಟರ ಅಂದಾಜು.

ನಾಲ್ಕನೇ ಬ್ಲಾಕ್

ಇಷ್ಟೆಲ್ಲ ಯಾಕೆ ಸುತ್ತಾಡಬೇಕು? ಡಿಟೆಕ್ಟಿವ್ ಏಜೆನ್ಸಿಗಳಿವೆ, ಹೆಸರು, ಊರು ಕೊಟ್ಟರೆ ತಿಂಗಳೊಳಗೆ ಮನೆ ಬಾಗಿಲಿಗೆ ಮಾಹಿತಿ ತಂದು ಕೊಡುತ್ತಾರೆ.

ಕಡತದ ಧೂಳು

ಮನೆ ಬಾಗಿಲಿಗೆ ತರುತ್ತಾರೆ ನಿಜ, ಯಾರ ಮನೆ ಬಾಗಿಲು ಅನ್ನುವುದೇ ಪ್ರಶ್ನೆ. ಮೂರನೆಯವರ ಮೂಲಕ ಮೂಲ ಹುಡುಕುವುದಕ್ಕೆ ಅದೇ ನಿಯಮದಲ್ಲಿ ಅವಕಾಶ ಇಲ್ಲ. ಏಜೆಂಟ್ ಹೋಗಿ ಸಂಸ್ಥೆಯಲ್ಲಿ ಕೇಳಿದ ದಿನವೇ ನಿಮ್ಮ ಅರ್ಜಿಯೂ ಸಂಶಯದ ಲೆಕ್ಕಕ್ಕೆ ಸೇರುತ್ತದೆ. ಅದಕ್ಕಿಂತ ಕೆಟ್ಟದ್ದು, ಅವರು ಊರಿನ ಟೀ ಅಂಗಡಿಯಲ್ಲಿ ನಿಂತು "1991ರಲ್ಲಿ ಬೆಂಗಳೂರಲ್ಲಿ ಮಗು ಬಿಟ್ಟು ಬಂದ ಹೆಂಗಸು ಯಾರು" ಅಂತ ವಿಚಾರಿಸುತ್ತಾರೆ. ಸಂಜೆಯೊಳಗೆ ಆ ಹೆಂಗಸಿನ ಗಂಡನ ಮನೆಗೆ ಸುದ್ದಿ ಮುಟ್ಟಿರುತ್ತದೆ. ಆಮೇಲೆ ಅವರು ಒಪ್ಪುವುದೂ ಇಲ್ಲ, ಒಪ್ಪಬೇಕು ಅನ್ನುವುದಕ್ಕೆ ನಮಗೆ ಮುಖವೂ ಇರುವುದಿಲ್ಲ.

ಬೇರುಬಿಳಲು

ಕೋರ್ಟಿನ ನಕಲು ಬಂತು, ಒಪ್ಪಿಸಿದ ಪತ್ರವೂ ಅದರಲ್ಲಿದೆ. ಛಾಪಾ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಟೈಪ್. ತಾಯಿಯ ಹೆಸರು, ವಯಸ್ಸು 19, ಮದುವೆ ಆಗಿಲ್ಲ, ತಂದೆಯ ಹೆಸರು. ಊರು "ಹೊಸಹಳ್ಳಿ, ಮೈಸೂರು ಡಿಸ್ಟ್ರಿಕ್ಟ್". ತಾಲೂಕು ಇಲ್ಲ. ಹೆಬ್ಬೆಟ್ಟು. ಇಬ್ಬರು ಸಾಕ್ಷಿಗಳು. ಹೆಸರುಗಳನ್ನು ಇಲ್ಲಿ ಬರೆಯುತ್ತಿಲ್ಲ. ಘಟಕದವರು ಅರ್ಜಿ ತೆಗೆದುಕೊಂಡಿದ್ದಾರೆ, "ಊರು ಯಾವುದೆಂದೇ ಗೊತ್ತಾಗುತ್ತಿಲ್ಲ" ಅಂತಾರೆ.

ತಾಲೂಕು ಕಚೇರಿ ಮೆಟ್ಟಿಲು

ಹೆಸರು ಬರೆಯದೇ ಇದ್ದದ್ದು ಒಳ್ಳೆಯದಾಯಿತು.

ಮೊದಲ ಕೆಲಸ, ಆ ಛಾಪಾ ಕಾಗದದ ಹಿಂಬದಿ ನೋಡಿ. ನಕಲು ವಿಭಾಗದವರು ಮುಂಬದಿ ಮಾತ್ರ ಮಾಡಿ ಕೊಟ್ಟಿರುತ್ತಾರೆ. "ಹಿಂಬದಿ ಸಹಿತ" ಅಂತ ಬರೆದು ಇನ್ನೊಮ್ಮೆ ಅರ್ಜಿ ಹಾಕಿ. ಆಗಿನ ಕಾಲದಲ್ಲಿ ಸ್ಟಾಂಪ್ ವೆಂಡರ್ ಮಾರುವಾಗ ಹಿಂದೆ ಕ್ರಮಸಂಖ್ಯೆ, ತಾರೀಖು, ಕೊಂಡವರ ಹೆಸರು ಮತ್ತು ಊರು ಬರೆದು ತನ್ನ ಮೊಹರು ಒತ್ತುತ್ತಿದ್ದ. ಮೊಹರಿನಲ್ಲಿ ಬೆಂಗಳೂರಿನ ಕೋರ್ಟ್ ಆವರಣದ ವೆಂಡರ್ ಇದ್ದರೆ ಏನೂ ಪ್ರಯೋಜನ ಇಲ್ಲ, ಸಂಸ್ಥೆಯ ಗುಮಾಸ್ತ ಕೊಂಡದ್ದು. ತಾಲೂಕು ಊರಿನ ವೆಂಡರ್ ಇದ್ದರೆ ಯಾರೋ ಮನೆಯವರು ಅಲ್ಲಿಂದ ಕಾಗದ ಹಿಡಿದುಕೊಂಡೇ ಬಂದಿದ್ದಾರೆ ಅಂತ ಅರ್ಥ. ತಾಲೂಕು ಅಲ್ಲಿಗೇ ಸಿಕ್ಕಿತು.

ಎರಡನೆಯದು, 1991ರ "ಮೈಸೂರು ಜಿಲ್ಲೆ" ಇವತ್ತಿನ ಮೈಸೂರು ಜಿಲ್ಲೆ ಅಲ್ಲ. ಕೊಳ್ಳೇಗಾಲ, ಯಳಂದೂರು, ಗುಂಡ್ಲುಪೇಟೆ, ಚಾಮರಾಜನಗರ ಎಲ್ಲ ಆಗ ಮೈಸೂರಿನವು, 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯಿತು. ಇದನ್ನು ಓದುವ ಬೇರೆಯವರೂ ನೋಡಿಕೊಳ್ಳಿ: ಹಾವೇರಿ, ಗದಗ ಹಳೇ ಕಾಗದದಲ್ಲಿ ಧಾರವಾಡದ ಕೆಳಗೆ, ಕೊಪ್ಪಳ ರಾಯಚೂರಿನ ಕೆಳಗೆ, ಉಡುಪಿ ದಕ್ಷಿಣ ಕನ್ನಡದ ಕೆಳಗೆ ಇರುತ್ತದೆ. ಗೌರಿಬಿದನೂರು, ಚಿಂತಾಮಣಿ 2007ರ ತನಕ ಕೋಲಾರ. ಘಟಕದವರು ಈಗಿನ ಜಿಲ್ಲೆಯ ಪಟ್ಟಿ ಹಿಡಿದು ಹುಡುಕಿ "ಇಲ್ಲ" ಅನ್ನುವುದು ಹೀಗೆಯೇ.

ಹೊಸಹಳ್ಳಿ ಅನ್ನುವ ಊರು ಈ ಎಲ್ಲ ತಾಲೂಕುಗಳನ್ನು ಸೇರಿಸಿದರೆ ಬೊಗಸೆ ತುಂಬ ಸಿಗುತ್ತದೆ. ಅದನ್ನು ಜರಡಿ ಹಿಡಿಯುವುದಕ್ಕೆ ಹೆಸರುಗಳೇ ಸಾಧನ. ತಾಯಿ, ತಾಯಿಯ ತಂದೆ, ಸಾಕ್ಷಿಗಳು, ಇಷ್ಟೂ ಹೆಸರು ಒಂದು ಕಾಗದದಲ್ಲಿ ಬರೆದುಕೊಂಡು ಯಾವ ದೇವರ ಒಕ್ಕಲು ಅಂತ ನೋಡಿ. ಮಾದಪ್ಪ, ಮಾದೇಶ, ಮಹದೇವಮ್ಮ ಹೆಚ್ಚಿದ್ದರೆ ಮಲೆ ಮಹದೇಶ್ವರನ ಬೆಟ್ಟದ ಸುತ್ತು, ಕೊಳ್ಳೇಗಾಲದ ಕಡೆ. ರಂಗಮ್ಮ, ರಂಗಸ್ವಾಮಿ ಇದ್ದರೆ ಬಿಳಿಗಿರಿರಂಗನ ಬೆಟ್ಟದ ಬುಡ, ಯಳಂದೂರು. ನಂಜಮ್ಮ, ನಂಜುಂಡ ಅಂದರೆ ನಂಜನಗೂಡು. ಇದು ಸಾಕ್ಷ್ಯ ಅಲ್ಲ, ಬೆಂಗಳೂರಿನಲ್ಲೂ ಮಹದೇವಮ್ಮ ಇದ್ದಾರೆ. ಆದರೆ ಹತ್ತು ಹೊಸಹಳ್ಳಿಯಲ್ಲಿ ಯಾವುದನ್ನು ಮೊದಲು ನೋಡಬೇಕು ಅನ್ನುವುದಕ್ಕೆ ಸಾಕು.

ಮೂರನೆಯದು, ಹುಡುಕಬೇಕಾದ ಹೆಸರು ತಾಯಿಯದಲ್ಲ, ತಾಯಿಯ ತಂದೆಯದು. ಮದುವೆಯಾಗದೆ ಹೆತ್ತ ಹುಡುಗಿಯರು ತಮ್ಮ ಹೆಸರು ಬದಲಿಸಿ ಹೇಳುತ್ತಿದ್ದರು, ಇಲ್ಲವೇ ಆಸ್ಪತ್ರೆಯಲ್ಲಿ ಇಲ್ಲದ ಗಂಡನ ಹೆಸರು ಬರೆಸಿ "ಕೋಂ" ಅಂತ ಸೇರಿಸುತ್ತಿದ್ದರು. ಊರು, ಅಪ್ಪನ ಹೆಸರು ಅಷ್ಟು ಸುಲಭವಾಗಿ ಸುಳ್ಳಾಗುವುದಿಲ್ಲ, ಯಾಕೆಂದರೆ ಜೊತೆಗೆ ಬಂದ ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತಿರುತ್ತಾರೆ. ಅಲ್ಲದೆ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋಗಿರುತ್ತಾಳೆ, ಅವಳ ಅಣ್ಣ ತಮ್ಮಂದಿರು ತವರಿನಲ್ಲೇ ಇರುತ್ತಾರೆ. ಮತದಾರರ ಪಟ್ಟಿ ಮತಗಟ್ಟೆವಾರು ಸಿಗುತ್ತದೆ, ಅದರಲ್ಲಿ ತಂದೆಯ ಹೆಸರು ಹಿಡಿದು ಗಂಡುಮಕ್ಕಳನ್ನು ನೋಡಿ. ಇಷ್ಟನ್ನೂ ನೀವು ಮನೆಯಲ್ಲಿ ಕೂತು ಮಾಡಿ, ಸಿಕ್ಕ ಎರಡು ಮೂರು ಊರನ್ನು ಘಟಕದವರಿಗೆ ಬರೆದು ಕೊಡಿ. ಊರಿಗೆ ಕಾಲಿಡಬೇಡಿ.

ಆಸ್ಪತ್ರೆಯ ಹೆಸರು ಕಡತದಲ್ಲಿದ್ದರೆ ಹೆರಿಗೆ ರಿಜಿಸ್ಟರ್ ನೋಡಿಸಬಹುದು. ಇನ್ನೊಬ್ಬರ ದಾಖಲೆಯನ್ನು ಖಾಸಗಿಯವರಿಗೆ ಕೊಡುವುದಿಲ್ಲ, ಕೊಡಲೂಬಾರದು. ಘಟಕದಿಂದ ಪತ್ರ ಹೋಗಬೇಕು. ಪತ್ರದಲ್ಲಿ ಹುಟ್ಟಿದ ದಿನದ ಹಿಂದೆ ಮುಂದೆ ಒಂದೊಂದು ವಾರ ಸೇರಿಸಿ, ಹೆಣ್ಣುಮಗು ಅಂತಲೂ ತೂಕವನ್ನೂ ಬರೆಸಿ. ನಿಮ್ಮ 2.1 ಕೆಜಿ ಸಂಸ್ಥೆಗೆ ಬಂದಾಗಿನ ತೂಕ. ಮೊದಲ ಕೆಲವು ದಿನ ಕೂಸು ಸ್ವಲ್ಪ ಇಳಿಯುವುದರಿಂದ ರಿಜಿಸ್ಟರಿನಲ್ಲಿ ನೂರಿನ್ನೂರು ಗ್ರಾಂ ಹೆಚ್ಚೇ ಇರಬಹುದು.

ಬೇರುಬಿಳಲು ಅವರಿಗೆ ಇದು ಬೇಕಿಲ್ಲ, ಆದರೆ "ಪರಿತ್ಯಕ್ತ" ಅಂತ ಬಂದವರಿಗೆ: ಮಗು ಸಿಕ್ಕ ಜಾಗದ ಪೊಲೀಸ್ ಠಾಣೆಯಲ್ಲಿ ಐಪಿಸಿ 317ರಡಿ (ಮಗುವನ್ನು ಬಿಟ್ಟುಹೋಗುವ ಅಪರಾಧ) ಎಫ್‌ಐಆರ್ ಆಗಿ, ಯಾರೂ ಪತ್ತೆಯಾಗದೆ "ಸಿ ರಿಪೋರ್ಟ್" ಹೋಗಿರಬಹುದು. ಠಾಣೆಯಲ್ಲಿ ಹಳೆಯದು ನಾಶವಾಗಿದ್ದರೂ ಎಫ್‌ಐಆರ್ ಪ್ರತಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿರುತ್ತದೆ, ಅಲ್ಲಿ ಕೇಳಿ. ಮಗುವನ್ನು ಮೊದಲು ಕಂಡವರ ಹೇಳಿಕೆ ಅದರಲ್ಲಿರುತ್ತದೆ. ನಕಲು ಮಾತ್ರ ಕೇಳಿ. "ಮತ್ತೆ ತನಿಖೆ ಮಾಡಿ" ಅಂತ ಯಾವ ಕಾರಣಕ್ಕೂ ಬರೆಯಬೇಡಿ. ಆ ಕಲಮಿಗೆ ಏಳು ವರ್ಷದವರೆಗೆ ಶಿಕ್ಷೆ ಇದ್ದದ್ದರಿಂದ ಇಷ್ಟು ವರ್ಷದೊಳಗೇ ಕೇಸು ಹಾಕಬೇಕು ಅನ್ನುವ ಮಿತಿ ಅದಕ್ಕೆ ಅನ್ವಯಿಸುವುದಿಲ್ಲ. ನೀವು ಹುಡುಕುತ್ತಿರುವವರೇ ಆರೋಪಿ ಆಗುತ್ತಾರೆ.

ಮೂರನೇ ಪೀಳಿಗೆ

ಡಿಎನ್‌ಎ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ನಿರೀಕ್ಷೆ ಕಡಿಮೆ ಇಟ್ಟುಕೊಳ್ಳಿ.

ಇಲ್ಲಿ ಮಾರುವ ಕಿಟ್‌ಗಳಲ್ಲಿ ಹಲವು ಆರೋಗ್ಯದ ವರದಿ, "ನೀವು ಇಷ್ಟು ಶೇಕಡಾ ದಕ್ಷಿಣ ಭಾರತೀಯರು" ಅನ್ನುವ ಬಣ್ಣದ ಭೂಪಟ ಕೊಟ್ಟು ಮುಗಿಸುತ್ತವೆ. ಭೂಪಟದಿಂದ ಏನೂ ಆಗುವುದಿಲ್ಲ. ದುಡ್ಡು ಕೊಡುವ ಮುಂಚೆ ಎರಡು ಪ್ರಶ್ನೆ ಕೇಳಿ: ರಕ್ತಸಂಬಂಧಿಗಳ ಪಟ್ಟಿ ಕೊಡುತ್ತೀರಾ, ಕಚ್ಚಾ ದತ್ತಾಂಶದ ಫೈಲು ಇಳಿಸಿಕೊಳ್ಳಲು ಬಿಡುತ್ತೀರಾ. ಎರಡನೆಯದಕ್ಕೆ ಹೌದು ಅಂದರೂ ಸಾಕು, ಆ ಫೈಲನ್ನು ಜೆಡ್‌ಮ್ಯಾಚ್‌ಗೆ (ಬೇರೆ ಬೇರೆ ಕಂಪನಿಗಳ ಡಿಎನ್‌ಎ ಫೈಲು ಹೋಲಿಸುವ ಜಾಲತಾಣ) ಹಾಕಿ ಅಲ್ಲಿರುವವರ ಜೊತೆ ಹೋಲಿಸಬಹುದು. ಅಲ್ಲಿ ಸಿಗುವ ಕನ್ನಡದವರು ಬಹುಪಾಲು ಅಮೆರಿಕ, ಇಂಗ್ಲೆಂಡಿನಲ್ಲಿರುವವರು. ಹೊಸಹಳ್ಳಿಯ ಸೋದರಮಾವ ಉಗುಳು ಕಳಿಸಿರುವುದಿಲ್ಲ.

ಸಂಬಂಧ ಅಳೆಯುವುದು ಸೆಂಟಿಮಾರ್ಗನ್ ಲೆಕ್ಕದಲ್ಲಿ, ಅಂದರೆ ಇಬ್ಬರಲ್ಲೂ ಒಂದೇ ತರಹ ಇರುವ ಡಿಎನ್‌ಎ ಎಷ್ಟು ಅನ್ನುವ ಅಳತೆ. ತಾಯಿ ಮಗಳ ನಡುವೆ ಸುಮಾರು 3,400ಕ್ಕಿಂತ ಹೆಚ್ಚು, ಒಡಹುಟ್ಟಿದವರಲ್ಲಿ 2,600ರ ಆಸುಪಾಸು. ಒಬ್ಬರೇ ತಾಯಿಯ ಬೇರೆ ತಂದೆಯ ಮಕ್ಕಳು, ಅಜ್ಜಿ, ಚಿಕ್ಕಮ್ಮ, ಸೋದರಮಾವ, ಇವರೆಲ್ಲ 1,750ರ ಸುತ್ತ ಒಂದೇ ಗುಂಪಿನಲ್ಲಿ ಬರುತ್ತಾರೆ. ಯಾರು ಏನು ಅನ್ನುವುದನ್ನು ವಯಸ್ಸು ನೋಡಿ ತೀರ್ಮಾನಿಸಬೇಕು. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಸರಾಸರಿ 870ರ ಹತ್ತಿರ. ಅಲ್ಲಿಂದ ಕೆಳಗೆ ಅಂಕಿ ನೋಡಿ ಸಂಬಂಧ ಹೇಳುವುದು ಕಷ್ಟವಾಗುತ್ತಾ ಹೋಗುತ್ತದೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ತೊಡಕು. ಸೋದರಮಾವನಿಗೋ ಅತ್ತೆ ಮಗನಿಗೋ ಕೊಡುವ ಪದ್ಧತಿಯಿಂದ ಒಂದೇ ಜಾತಿಯ ಹತ್ತೂರಿನ ಜನ ನಾಲ್ಕು ದಾರಿಯಲ್ಲಿ ನೆಂಟರಾಗಿರುತ್ತಾರೆ. ತಂತ್ರಾಂಶ ಅದನ್ನೆಲ್ಲ ಕೂಡಿಸಿ ದೂರದವರನ್ನು ಹತ್ತಿರದವರ ಹಾಗೆ ತೋರಿಸುತ್ತದೆ. "ಎರಡನೇ ಕಸಿನ್" ಅಂತ 200 ಬಂದರೆ ಕುಣಿಯಬೇಡಿ, ಒಟ್ಟು ಮೊತ್ತದ ಪಕ್ಕದಲ್ಲಿ ಅತಿ ಉದ್ದದ ತುಣುಕು ಎಷ್ಟು ಅಂತ ನೋಡಿ. ಒಟ್ಟು 200 ಇದ್ದು ಉದ್ದದ್ದು 12 ಆದರೆ ಅದು ಹಳೇ ನೆಂಟಸ್ತನದ ಪುಡಿ. 40, 50ರ ತುಣುಕು ಇದ್ದರೆ ಹತ್ತಿರದ ಸಂಬಂಧ, ಅವರಿಗೆ ಬರೆಯಿರಿ.

ಜೆಡ್‌ಮ್ಯಾಚ್‌ನಲ್ಲಿ ಹೆತ್ತವರಿಬ್ಬರೂ ಪರಸ್ಪರ ಸಂಬಂಧಿಗಳೇ ಅಂತ ನೋಡುವ ಸಲಕರಣೆಯೂ ಇದೆ. ಸೋದರಮಾವ ಮತ್ತು ಅಕ್ಕನ ಮಗಳಿಗೆ ಹುಟ್ಟಿದ ಮಗುವಿನಲ್ಲಿ ಸುಮಾರು 430, ಅತ್ತೆ ಮಗ ಮಾವನ ಮಗಳಿಗೆ ಹುಟ್ಟಿದ್ದರಲ್ಲಿ ಸುಮಾರು 215 ಸೆಂಟಿಮಾರ್ಗನ್ ಎರಡೂ ಕಡೆಯಿಂದ ಒಂದೇ ತರಹ ಬಂದಿರುತ್ತದೆ. ಇದನ್ನು ಒತ್ತುವ ಮುಂಚೆ ಯೋಚನೆ ಮಾಡಿ. ಮದುವೆಯಾಗದ 19ರ ಹುಡುಗಿ ಅಂದಾಗ ದೊಡ್ಡ ಅಂಕಿಗೆ ಬೇರೆ ಅರ್ಥವೂ ಇರಬಹುದು, ನೋಡಿದ ಮೇಲೆ ನೋಡಿಲ್ಲ ಅನ್ನಲಾಗುವುದಿಲ್ಲ.

ನಿಜವಾಗಿ ಉಪಯೋಗಕ್ಕೆ ಬರುವುದು ಕೊನೆಯಲ್ಲಿ, ತಾಯಿ ಸಿಕ್ಕಮೇಲೆ ಖಾತ್ರಿಗೆ. ಇಬ್ಬರ ಕೆನ್ನೆಯ ಒಳಗಿನ ಹತ್ತಿ ಕಡ್ಡಿ ಸಾಕು, ತಾಯಿ ಮಗಳ ಪರೀಕ್ಷೆ ಹೌದು, ಇಲ್ಲ ಅಂತ ಸ್ಪಷ್ಟವಾಗಿ ಹೇಳುತ್ತದೆ. ತಾಯಿ ತೀರಿಕೊಂಡು ಅಣ್ಣ ತಂಗಿಯ ನಡುವೆ ಮಾತ್ರ ಮಾಡಿದರೆ ಎಷ್ಟೋ ಸಲ "ಸಾಧ್ಯತೆ ಇದೆ" ಅನ್ನುವಲ್ಲಿಗೆ ನಿಲ್ಲುತ್ತದೆ. ಸುಳ್ಳು ಹೆಸರಿನ ಕಾಗದ ಹಿಡಿದು ಬೇರೆ ಮನೆಗೆ ಹೋಗಿ ಅತ್ತು ಬರುವುದು ಹೊಸದಲ್ಲ, ಪರೀಕ್ಷೆಗೆ ಮುಜುಗರ ಬೇಡ.

ಸೆರಗಿನ ಗಂಟು

ಕೊನೆಯ ಪ್ರಶ್ನೆಗೆ ಉತ್ತರ: ನೇರ ಹೋಗಬೇಡಿ. ಫೋನ್, ಫೇಸ್‌ಬುಕ್, ರಿಜಿಸ್ಟರ್ ಅಂಚೆ ಯಾವುದೂ ಬೇಡ. 53ರ ಹೆಂಗಸಿನ ಹೆಸರಿಗೆ ಬಂದ ಲಕೋಟೆಯನ್ನು ಮನೆಯಲ್ಲಿ ಮೊದಲು ಒಡೆಯುವುದು ಮಗ ಅಥವಾ ಸೊಸೆ.

ಘಟಕದ ಸಮಾಜ ಕಾರ್ಯಕರ್ತೆ ಒಬ್ಬರೇ ಹೋಗಲಿ, ಹೆಣ್ಣುಮಗಳೇ ಆಗಲಿ, ಇಲಾಖೆ ಜೀಪು ಬೇಡ. ಮನೆಯಲ್ಲಿ ಮಾತಾಡದೆ ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ತಾಯಿ ಒಬ್ಬರೇ ಇದ್ದಾಗ ಕೇಳಲಿ. ಆ ಊರಿನ ಅಂಗನವಾಡಿ ಕಾರ್ಯಕರ್ತೆಗೆ ವಿಷಯ ಹೇಳಬಾರದು, ಅವರೂ ಅದೇ ಊರಿನವರು. ಮೊದಲ ಉತ್ತರ ಬಹುಪಾಲು "ನಾನಲ್ಲ" ಅಂತಲೇ ಬರುತ್ತದೆ. ಅದನ್ನು ನಿರಾಕರಣೆ ಅಂತ ಬರೆದು ಫೈಲ್ ಮುಚ್ಚಬೇಡಿ ಅಂತ ಮುಂಚೆಯೇ ಹೇಳಿಡಿ. ನಂಬರ್ ಇರುವ ಚೀಟಿ ಕೊಟ್ಟು ಎದ್ದು ಬರಲಿ, ಒಂದೆರಡು ತಿಂಗಳು ಬಿಟ್ಟು ಇನ್ನೊಂದು ಸಲ ಹೋಗಲಿ. ಎರಡನೇ ಸಲವೂ ಬೇಡ ಅಂದರೆ ಅಲ್ಲಿಗೆ ನಿಲ್ಲಿಸಬೇಕು.

ಕಾರ್ಯಕರ್ತೆಯ ಕೈಯಲ್ಲಿ ಓದಿ ಹೇಳಲು ಒಂದು ಪತ್ರ ಕೊಡಿ. ಅವರದು ಹೆಬ್ಬೆಟ್ಟು ಅಂದಿರಲ್ಲ, ಓದಲು ಬಾರದಿರಬಹುದು, ಆದ್ದರಿಂದ ಕೇಳಿದರೆ ಅರ್ಥವಾಗುವ ಹಾಗೆ ಬರೆಯಿರಿ. ಇಷ್ಟೇ ಸಾಕು:

"ನಾನು ಚೆನ್ನಾಗಿದ್ದೇನೆ. ಓದಿದ್ದೇನೆ, ಕೆಲಸದಲ್ಲಿದ್ದೇನೆ. ಸಾಕಿದವರು ಪ್ರೀತಿಯಿಂದ ಬೆಳೆಸಿದರು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ದುಡ್ಡು, ಜಮೀನು ಏನೂ ಬೇಡ. ನಿಮ್ಮ ಮನೆಯವರಿಗೆ ನಾನು ಹೇಳುವುದಿಲ್ಲ. ಒಂದು ಸಲ ನೋಡಬೇಕು ಅಂತ ಆಸೆ. ನಿಮಗೆ ಆಗದಿದ್ದರೆ ಬೇಡ."

"ಯಾಕೆ ಬಿಟ್ಟಿರಿ" ಅನ್ನುವ ಪ್ರಶ್ನೆ ಈ ಪತ್ರದಲ್ಲಿ ಬರಬಾರದು, ಸುತ್ತಿ ಬಳಸಿಯೂ ಬರಬಾರದು. ಜಮೀನಿನ ಸಾಲು ಬಿಡಬೇಡಿ. ಹಳ್ಳಿಯಲ್ಲಿ ಮೊದಲು ಹುಟ್ಟುವ ಸಂಶಯ ಅದೇ, ಅಣ್ಣ ತಮ್ಮಂದಿರು ತಡೆಯುವುದೂ ಅದಕ್ಕೇ. ದತ್ತು ಆದ ದಿನದಿಂದ ಹೆತ್ತ ಮನೆಯ ಆಸ್ತಿಯಲ್ಲಿ ವಾರಸಾಗಿ ಬರುವ ಹಕ್ಕು ಇರುವುದಿಲ್ಲ, ಅದಕ್ಕೆ ಮುಂಚೆಯೇ ನಿಮ್ಮ ಹೆಸರಿಗೆ ಬಂದಿದ್ದರೆ ಮಾತ್ರ ಉಳಿಯುತ್ತದೆ ಅಂತ 1956ರ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಅಣ್ಣ ತಮ್ಮಂದಿರು ಕೇಳಿದರೆ ಕಾರ್ಯಕರ್ತೆ ಇದನ್ನು ಬಾಯಲ್ಲೇ ವಿವರಿಸಲಿ. ಅದೇ ಕಲಂ ಇನ್ನೊಂದನ್ನೂ ಹೇಳುತ್ತದೆ: ಯಾರನ್ನು ಮದುವೆಯಾಗಬಾರದು ಅನ್ನುವ ನಿಷೇಧ ಮಾತ್ರ ಹೆತ್ತ ಮನೆಯ ಕಡೆಯಿಂದಲೂ ಹಾಗೇ ಉಳಿಯುತ್ತದೆ.

ಒಪ್ಪಿದರೆ ಮೊದಲ ಭೇಟಿ ಅವರ ಊರಿನಲ್ಲೂ ಬೇಡ, ನಿಮ್ಮ ಮನೆಯಲ್ಲೂ ಬೇಡ. ಅವರು ಯಾರಿಗೂ ಕಾರಣ ಹೇಳದೆ ಬಸ್ಸಿನಲ್ಲಿ ಬಂದು ಸಂಜೆಯೊಳಗೆ ವಾಪಸಾಗುವಂಥ ಜಾಗ ಆರಿಸಿ. ದೇವಸ್ಥಾನ ಇರುವ ಊರಾದರೆ ನೆಪ ತಾನಾಗಿಯೇ ಸಿಗುತ್ತದೆ. ಎರಡು ಗಂಟೆ ಸಾಕು. ನಗದು ಕೊಡಬೇಡಿ, ಬಸ್ ಚಾರ್ಜನ್ನು ಕಾರ್ಯಕರ್ತೆಯ ಕೈಯಿಂದ ಕೊಡಿಸಿ. ಸೀರೆಯನ್ನೂ ತರಬೇಡಿ, ಮನೆಯಲ್ಲಿ "ಇದು ಎಲ್ಲಿಯದು" ಅನ್ನುವ ಪ್ರಶ್ನೆ ಏಳುತ್ತದೆ. ಹಣ್ಣು, ಹೂವು ಸಾಕು. ಅವರು ನಿಮಗೆ ಮಡಿಲು ತುಂಬಲು ಬಂದರೆ ಬೇಡ ಅನ್ನಬೇಡಿ, ಅರ್ಧ ಹಿಡಿ ಅಕ್ಕಿ ಆದರೂ ಸರಿ. ಕರೆಯುವುದು ಹೇಗೆ ಅಂತ ತಲೆ ಕೆಡಿಸಿಕೊಳ್ಳುವುದು ಬೇಡ, ಹಳೇ ಮೈಸೂರಿನ ಕಡೆ ಯಾವ ಹೆಂಗಸನ್ನಾದರೂ ಅಮ್ಮ ಅನ್ನುತ್ತೇವೆ, ಅದು ಎರಡೂ ಅರ್ಥಕ್ಕೆ ಹೊಂದುತ್ತದೆ. ಫೋಟೊ ತೆಗೆದರೆ ನಿಮ್ಮ ಫೋನಿನಲ್ಲಿ ಮಾತ್ರ ಇರಲಿ, ಅವರಿಗೆ ಕಳಿಸಬೇಡಿ. ತಂದೆ ಯಾರು ಅಂತ ಅವರಾಗಿ ಹೇಳುವ ತನಕ ಕೇಳಬೇಡಿ. ಸಕ್ಕರೆ, ಬಿಪಿ, ಸ್ತನದ ಗಡ್ಡೆ, ಅವರ ತಾಯಿ ಯಾವ ಕಾಯಿಲೆಯಲ್ಲಿ ಹೋದರು, ಇವೆಲ್ಲ ಎರಡನೇ ಭೇಟಿಗೆ.

ಬೇರುಬಿಳಲು

ಎಲ್ಲರಿಗೂ ಥ್ಯಾಂಕ್ಸ್. ಛಾಪಾ ಕಾಗದದ ಹಿಂಬದಿಗೆ ಅರ್ಜಿ ಹಾಕಿದ್ದೇನೆ. ಒಂದೇ ಅನುಮಾನ: ಆ ಚೀಟಿಯಲ್ಲಿ ಯಾರ ನಂಬರ್ ಬರೆಯಬೇಕು? ನನ್ನದೇ ಕೊಡಲೇ?

ಸೆರಗಿನ ಗಂಟು

ಎರಡು ನಂಬರ್ ಬರೆಯಿರಿ, ಕಾರ್ಯಕರ್ತೆಯದು ಒಂದು, ಇದಕ್ಕೆಂದೇ ತೆಗೆದ ಹೊಸ ಸಿಮ್ಮಿನದು ಒಂದು. ಕಾರ್ಯಕರ್ತೆಗೆ ವರ್ಗವಾಗುತ್ತದೆ, ನಿಮ್ಮ ನಂಬರ್ ನಿಲ್ಲಬೇಕು. ಹೊಸ ನಂಬರಿಗೆ ವಾಟ್ಸಾಪ್ ಹಾಕಬೇಡಿ, ಹಾಕಿದರೆ ಮುಖದ ಫೋಟೊ ಬೇಡ. ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಮುಟ್ಟದೆ ಬಿಟ್ಟರೆ ಕಂಪನಿಯವರು ನಿಲ್ಲಿಸಬಹುದು, ಆಮೇಲೆ ಅದೇ ನಂಬರ್ ಬೇರೆ ಯಾರಿಗೋ ಹೋಗುತ್ತದೆ. ರೀಚಾರ್ಜ್ ಬಿಡಬೇಡಿ, ತಿಂಗಳಿಗೊಮ್ಮೆ ಅದರಿಂದ ಒಂದು ಕರೆ ಮಾಡಿ. ಚೀಟಿ ಎಲ್ಲೋ ಡಬ್ಬಿಯ ತಳದಲ್ಲಿ ಎರಡು ವರ್ಷ ಕೂತು ಆಮೇಲೆ ಕರೆ ಬರುವುದುಂಟು. ಮಿಸ್ಡ್ ಕಾಲ್ ಬಂದರೆ ವಾಪಸ್ ಮಾಡಬೇಡಿ, ಆ ಫೋನು ಅವರ ಗಂಡನದೋ ಮಗನದೋ ಇರಬಹುದು. ಎಷ್ಟು ಹೊತ್ತಿಗೆ ಬಂತು ಅಂತ ಬರೆದಿಟ್ಟುಕೊಂಡು, ಮರುದಿನ ಅದೇ ಹೊತ್ತಿಗೆ ಫೋನ್ ಕೈಯಲ್ಲಿ ಹಿಡಿದಿರಿ.